ಅಮ್ಮನ ವಿಮಾನ ಈಗ ಎಲ್ಲಿದೆ?

ನಾನು ಸಿಡ್ನಿಯಲ್ಲಿ ಹನ್ನೊಂದನೇ ತರಗತಿ ಓದುತ್ತಿದ್ದೇನೆ. ಐದು ವರ್ಷದವಳಾಗಿದ್ದಾಗಿನಿಂದ ನಮ್ಮ ಕನ್ನಡ ಶಾಲೆಗೆ ಬರುತ್ತಿದ್ದೇನೆ. ಈಗ ಚಿಕ್ಕವರ ತರಗತಿಯಲ್ಲಿ ಟೀಚರಿಗೆ ಸಹಾಯ ಮಾಡುತ್ತೇನೆ, ಹಾಜರಿ ಹಾಕುತ್ತೇನೆ, ಒತ್ತಕ್ಷರದಲ್ಲಿ ಇನ್ನೂ ತಪ್ಪು ಮಾಡುತ್ತೇನೆ. "ನಿನ್ನ ವಿಮಾನದ ಸರ್ವರ್ ಬಗ್ಗೆ ಬರೆದುಕೊಡು, ಮಕ್ಕಳೂ ಓದಲಿ, ದೊಡ್ಡವರೂ ಓದಲಿ" ಎಂದು ಟೀಚರ್ ಕೇಳಿದಾಗ ಅದನ್ನು ಹೇಗೆ ಕಟ್ಟಿದೆ ಅಂತ ಜಂಬದಿಂದ ಬರೆಯೋಣ ಅಂದುಕೊಂಡಿದ್ದೆ. ಬರೆಯಲು ಕೂತರೆ ನೆನಪಿಗೆ ಬಂದದ್ದು ಅದು ಎಡವಟ್ಟು ಮಾಡಿದ ದಿನವೇ. ಹಾಗಾಗಿ ಅದನ್ನೇ ಬರೆಯುತ್ತಿದ್ದೇನೆ.

ಕಳೆದ ಆಗಸ್ಟಿನಲ್ಲಿ ಮೈಸೂರಿನ ನಮ್ಮ ಅಜ್ಜಿ ಬಚ್ಚಲುಮನೆಯಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಗಬೇಕು ಎಂದರು. ಅಮ್ಮ ಎರಡೇ ದಿನದಲ್ಲಿ ಟಿಕೆಟ್ ಮಾಡಿಸಿ ಬೆಂಗಳೂರಿಗೆ ಹೊರಟರು. ಸಿಡ್ನಿಯಿಂದ ಬೆಂಗಳೂರಿಗೆ 2022ರ ಸೆಪ್ಟೆಂಬರಿನಿಂದ ನೇರ ವಿಮಾನ ಇದೆ ಅಂತ ನಿಮಗೆಲ್ಲ ಗೊತ್ತೇ ಇದೆ, ನಮ್ಮಲ್ಲಿ ಅರ್ಧ ಜನ ಅದರಲ್ಲೇ ಓಡಾಡುವುದು. ಒಂಬತ್ತು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ, ಹೋಗುವಾಗ ಸುಮಾರು 12 ಗಂಟೆ. ಬೆಳಿಗ್ಗೆ ಹೊರಟರೆ ಅಲ್ಲಿ ಸಂಜೆ ಇಳಿಯಬಹುದು.

ಅಪ್ಪ ಆ ವಾರ ಕೆಲಸದ ಮೇಲೆ ಮೆಲ್ಬರ್ನಿನಲ್ಲಿದ್ದರು. ಅದೇ ದಿನ ರಾತ್ರಿಯ ವಿಮಾನದಲ್ಲಿ ವಾಪಸ್ ಬರುವವರಿದ್ದರು. ಅಂದರೆ ಒಂದು ಸಂಜೆ ಮಾತ್ರ ಮನೆಯಲ್ಲಿ ನಾನು ಮತ್ತು ನನ್ನ ತಮ್ಮ ಇಬ್ಬರೇ. ಅವನಿಗೆ ಒಂಬತ್ತು ವರ್ಷ. ಪಕ್ಕದ ಮನೆಯ ಆಂಟಿ ಊಟ ತಂದುಕೊಡುತ್ತೇನೆ ಎಂದಿದ್ದರು. ಅಮ್ಮ ಬಾಗಿಲಲ್ಲಿ ನಿಂತು "ಹೋಗಿ ಬರ್ತೀನಿ" ಅಂದರು. "ಹೋಗ್ತೀನಿ" ಎಂದು ನಮ್ಮ ಮನೆಯಲ್ಲಿ ಯಾರೂ ಹೇಳುವುದಿಲ್ಲ, ನಿಮ್ಮ ಮನೆಯಲ್ಲೂ ಹೇಳಲಿಕ್ಕಿಲ್ಲ.

ತಮ್ಮ ಶಾಲೆಯಿಂದ ಬಂದವನೇ ಬ್ಯಾಗನ್ನೂ ಇಳಿಸದೆ ಟ್ಯಾಬ್ಲೆಟ್ ತೆಗೆದು ನಮ್ಮ ಎ.ಐ. ಆ್ಯಪ್‌ಗೆ ಕನ್ನಡದಲ್ಲಿ ಕೇಳಿದ: "ಅಮ್ಮನ ವಿಮಾನ ಈಗ ಎಲ್ಲಿದೆ?" ಉತ್ತರವೂ ಕನ್ನಡದಲ್ಲೇ ಬಂತು. ವಿಮಾನ ಬ್ರೂಮ್ ಊರಿನ ಆಚೆ ಹಿಂದೂ ಮಹಾಸಾಗರದ ಮೇಲಿದೆ, ಎತ್ತರ 0 ಮೀಟರ್, ವೇಗ 0 ಕಿಲೋಮೀಟರ್ ಎಂದು. ಅದರ ಕೆಳಗೆ ಇನ್ನೊಂದು ಸಾಲು. ಈ ಅಂಕಿಗಳ ಪ್ರಕಾರ ವಿಮಾನ ಸಮುದ್ರದ ಮಟ್ಟದಲ್ಲಿ ನಿಂತಿರುವಂತೆ ಕಾಣುತ್ತದೆ.

ನಾನು ಅಡುಗೆಮನೆಯಲ್ಲಿ ಹಾಲು ಬಿಸಿಮಾಡುತ್ತಿದ್ದೆ. ಅವನು ಕೂಗಲಿಲ್ಲ, ಅಳಲೂ ಇಲ್ಲ. ಟ್ಯಾಬ್ಲೆಟ್ ಹಿಡಿದುಕೊಂಡು ಬಂದು ನನ್ನ ಪಕ್ಕ ನಿಂತು, "ಅಕ್ಕ, ಸಮುದ್ರದ ಮಟ್ಟ ಅಂದರೆ ಏನು?" ಎಂದ. ಅವನಿಗೆ ಗೊತ್ತಿತ್ತು. ಬೇರೆ ಏನಾದರೂ ಅರ್ಥ ಇರಬಹುದೇನೋ ಎಂದು ಕೇಳುತ್ತಿದ್ದ.

ಆ ಸೊನ್ನೆ ಬರೆದದ್ದು ನಾನು. ಎ.ಐ. ಅಲ್ಲ. ಹೇಗೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಆಕಾಶದಲ್ಲಿ ಹಾರುವ ದೊಡ್ಡ ವಿಮಾನಗಳು ಸುಮ್ಮನೆ ಹಾರುವುದಿಲ್ಲ, ಮಾತಾಡುತ್ತಾ ಹಾರುತ್ತವೆ. ಜಿ.ಪಿ.ಎಸ್. ನೋಡಿಕೊಂಡು "ನಾನು ಇಂಥವನು, ಇಲ್ಲಿದ್ದೇನೆ, ಇಷ್ಟು ಎತ್ತರ, ಇಷ್ಟು ವೇಗ" ಎಂದು 1090 ಮೆಗಾಹರ್ಟ್ಸ್ ರೇಡಿಯೋದಲ್ಲಿ ಸೆಕೆಂಡಿಗೆ ಒಂದೆರಡು ಸಲ ಹೇಳುತ್ತಲೇ ಇರುತ್ತವೆ. ಇದಕ್ಕೆ ಎ.ಡಿ.ಎಸ್-ಬಿ ಎಂದು ಹೆಸರು. ಪ್ರತಿ ವಿಮಾನಕ್ಕೂ ಒಂದು ಸಂಖ್ಯೆ ಇರುತ್ತದೆ, ಆಸ್ಟ್ರೇಲಿಯಾದಲ್ಲಿ ನೋಂದಾಯಿಸಿದವಕ್ಕೆ ಅದು ಸಾಮಾನ್ಯವಾಗಿ 7ಸಿ ಎಂದು ಶುರುವಾಗುತ್ತದೆ. ಈ ಮಾತಿಗೆ ಬೀಗ ಇಲ್ಲ, ಯಾರು ಬೇಕಾದರೂ ಕೇಳಬಹುದು. ಟಿ.ವಿ. ನೋಡಲು ಮಾಡಿದ ಒಂದು ಸಣ್ಣ ಯು.ಎಸ್.ಬಿ. ಕಡ್ಡಿ, ಒಂದು ಆಂಟೆನಾ, ಒಂದು ರಾಸ್ಪ್‌ಬೆರಿ ಪೈ ಇದ್ದರೆ ಸಾಕು. ನಾನು ಟೂಂಗ್ಯಾಬಿಯ ನಮ್ಮ ಮನೆಯ ಕಿಟಕಿಯಲ್ಲಿ ಒಂದು ಇಟ್ಟೆ. ಮೆಲ್ಬರ್ನಿನಲ್ಲಿ ಟಾರ್ನೀಟ್ ಕಡೆ ಇರುವ ಚಿಕ್ಕಪ್ಪನಿಗೆ ದುಂಬಾಲು ಬಿದ್ದು ಅವರ ಮನೆಯಲ್ಲೂ ಒಂದು ಇಡಿಸಿದೆ. ಇವೆರಡಕ್ಕೆ ಕೇಳದ್ದನ್ನು ತಿಳಿಯಲು ಓಪನ್‌ಸ್ಕೈ ನೆಟ್‌ವರ್ಕ್ ಇದೆ. ಅದು ಸ್ವಿಟ್ಜರ್ಲೆಂಡಿನ ಲಾಭರಹಿತ ಸಂಸ್ಥೆ. ಜಗತ್ತಿನ ಬೇರೆ ಬೇರೆ ಕಡೆ ಜನ ತಮ್ಮ ಮನೆಗಳಲ್ಲಿ ಇಟ್ಟ ಇಂಥ ರಿಸೀವರುಗಳಿಂದ ಬಂದ ಮಾಹಿತಿಯನ್ನು ಒಟ್ಟುಮಾಡಿ ಸಂಶೋಧನೆಗೆ, ನಮ್ಮಂಥವರ ಪ್ರಯೋಗಗಳಿಗೆ ಕೊಡುತ್ತದೆ.

ಇಷ್ಟು ಮಾಹಿತಿ ಇದ್ದರೂ ಎ.ಐ.ಗೆ ಅದು ತಾನಾಗಿ ತಿಳಿಯುವುದಿಲ್ಲ. ಅದು ಓದಿದ್ದೆಲ್ಲ ಹಳೆಯದು, ಈಗ ಆಕಾಶದಲ್ಲಿ ಏನಿದೆ ಅಂತ ಅದಕ್ಕೆ ಗೊತ್ತಿರುವುದಿಲ್ಲ. ಗೊತ್ತಾಗಬೇಕಾದರೆ ಅದರ ಕೈಗೆ ಒಂದು ಟೂಲ್ ಕೊಡಬೇಕು. ಹೀಗೆ ಟೂಲ್‌ಗಳನ್ನು ತಾನೇ ಆರಿಸಿಕೊಂಡು ಬಳಸುವ ಎ.ಐ.ಗೆ ಏಜೆಂಟ್ ಎನ್ನುತ್ತಾರೆ. ಟೂಲ್ ಮತ್ತು ಏಜೆಂಟ್ ನಡುವೆ ಮಾತುಕತೆ ಹೇಗಿರಬೇಕು ಅನ್ನುವುದಕ್ಕೆ ಎಂ.ಸಿ.ಪಿ. ಎಂಬ ಮುಕ್ತ ನಿಯಮಾವಳಿ ಇದೆ. 2024ರ ನವೆಂಬರಿನಲ್ಲಿ ಆಂಥ್ರೊಪಿಕ್ ಕಂಪನಿ ಅದನ್ನು ಹೊರತಂದಿತು, ಈಗ ಬೇರೆ ಕಂಪನಿಗಳೂ ಬಳಸುತ್ತವೆ.

ಚಿಕ್ಕವರಿಗೆ ಇದನ್ನು ಹೇಗೆ ಹೇಳಲಿ? ರಜೆಯಲ್ಲಿ ಬೆಂಗಳೂರಿಗೆ ಹೋದಾಗ ದರ್ಶಿನಿ ಹೋಟೆಲ್ ನೋಡಿದ್ದೀರಲ್ಲ? ಗೋಡೆಯ ಮೇಲೆ ಬೋರ್ಡ್ ಇರುತ್ತದೆ: ಇಡ್ಲಿ, ವಡೆ, ಮಸಾಲೆ ದೋಸೆ. ನೀವು ಬೋರ್ಡ್ ಓದಿ ಟೋಕನ್ ತೆಗೆದುಕೊಂಡು ಅಡುಗೆಮನೆಯ ಕಿಂಡಿಯಲ್ಲಿ ಕೊಡುತ್ತೀರಿ, ಒಳಗಿನಿಂದ ತಟ್ಟೆ ಬರುತ್ತದೆ. ನೀವು ಅಡುಗೆಮನೆಯೊಳಗೆ ಹೋಗುವುದಿಲ್ಲ. ಎಂ.ಸಿ.ಪಿ. ಸರ್ವರ್ ಅಂದರೆ ಆ ಅಡುಗೆಮನೆ. ಏಜೆಂಟ್ ಅಂದರೆ ಗಿರಾಕಿ. ನನ್ನ ಬೋರ್ಡಿನ ಮೇಲೆ ಮೂರೇ ತಿಂಡಿ: ಒಂದು ವಿಮಾನ ಎಲ್ಲಿದೆ, ಒಂದು ಊರಿನ ಮೇಲೆ ಯಾವ ವಿಮಾನಗಳಿವೆ, ಒಂದು ವಿಮಾನ ಕಳೆದ ಒಂದು ಗಂಟೆಯಲ್ಲಿ ಹೋದ ದಾರಿ. ಪ್ರತಿಯೊಂದರ ಕೆಳಗೆ ಎರಡು ಸಾಲು ವಿವರಣೆ. ಏಜೆಂಟ್ ಆ ವಿವರಣೆ ಓದಿಯೇ ಯಾವಾಗ ಯಾವುದನ್ನು ಕೇಳಬೇಕು ಅಂತ ನಿರ್ಧರಿಸುತ್ತದೆ.

ಮೊದಲು ಈ ಅಡುಗೆಮನೆ ನನ್ನ ಲ್ಯಾಪ್‌ಟಾಪಿನಲ್ಲೇ ಇತ್ತು. ನಾನು ಲ್ಯಾಪ್‌ಟಾಪ್ ಮುಚ್ಚಿ ಮಲಗಿದರೆ ಹೋಟೆಲ್ ಬಂದ್. ಅಮ್ಮನ ಫೋನಿನಿಂದ, ತಮ್ಮನ ಟ್ಯಾಬ್ಲೆಟ್‌ನಿಂದ ಕೇಳಲು ಆಗುತ್ತಿರಲಿಲ್ಲ. ಅದಕ್ಕೇ ಸಿಡ್ನಿಯ ಒಂದು ಡೇಟಾ ಸೆಂಟರಿನಲ್ಲಿ ಅತಿ ಸಣ್ಣ ಕಂಪ್ಯೂಟರ್ ಒಂದನ್ನು ಬಾಡಿಗೆಗೆ ತೆಗೆದುಕೊಂಡು ಅಲ್ಲಿಗೆ ಸಾಗಿಸಿದೆ. ಬಾಡಿಗೆ ತಿಂಗಳಿಗೆ ಎರಡು ಕಾಫಿಯಷ್ಟು, ಅದನ್ನು ಅಪ್ಪ ಕೊಡುತ್ತಾರೆ (ಅವರು ಇದನ್ನು ಓದುತ್ತಾರೆ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ). ದೂರದ ಸರ್ವರ್ ಅಂದರೆ ಎಲ್ಲೋ ಮೋಡದಲ್ಲಿ ಇರುತ್ತದೆ ಎಂದು ತಮ್ಮ ತಿಳಿದಿದ್ದ. ವಿಮಾನ ಮೋಡದಲ್ಲಿ, ಸರ್ವರ್ ನೆಲದ ಮೇಲೆ ಎಂದು ಅವನಿಗೆ ಹೇಳಿಕೊಟ್ಟೆ.

ಈಗ ಸೊನ್ನೆಯ ವಿಷಯ. ಓಪನ್‌ಸ್ಕೈ ಕೊಡುವ ವೇಗ ಸೆಕೆಂಡಿಗೆ ಇಷ್ಟು ಮೀಟರ್ ಅಂತ ಇರುತ್ತದೆ. ನಮಗೆ ಅರ್ಥವಾಗಬೇಕಾದರೆ ಅದನ್ನು 3.6ರಿಂದ ಗುಣಿಸಿ ಗಂಟೆಗೆ ಇಷ್ಟು ಕಿಲೋಮೀಟರ್ ಎಂದು ಮಾಡಬೇಕು. ಕೆಲವೊಮ್ಮೆ ವೇಗದ ಜಾಗ ಖಾಲಿ ಬರುತ್ತದೆ. ಖಾಲಿಯನ್ನು 3.6ರಿಂದ ಗುಣಿಸಲು ಹೋದರೆ ಪ್ರೋಗ್ರಾಂ ಬಿದ್ದುಹೋಗುತ್ತದೆ. ಶುರುವಿನ ದಿನಗಳಲ್ಲಿ ಹಾಗೆ ನಾಲ್ಕೈದು ಸಲ ಬಿದ್ದಾಗ ನನಗೆ ಬೇಸರವಾಗಿ "ಏನೂ ಬರದಿದ್ದರೆ 0 ಎಂದು ಇಟ್ಟುಕೋ" ಅಂತ ಒಂದು ಸಾಲು ಬರೆದೆ. ಎತ್ತರಕ್ಕೂ ಅದೇ. ಆಮೇಲೆ ಪ್ರೋಗ್ರಾಂ ಬೀಳಲೇ ಇಲ್ಲ. ಸರಿಹೋಯಿತು ಅಂದುಕೊಂಡೆ. ನಾನು ಪರೀಕ್ಷೆ ಮಾಡಿದ ವಿಮಾನಗಳೆಲ್ಲ ಸಿಡ್ನಿಯ ಮೇಲೆ ಹಾರುವಂಥವು. ಇಲ್ಲಿ ರಿಸೀವರುಗಳು ಬೇಕಾದಷ್ಟಿವೆ, ಖಾಲಿ ಬರುವುದೇ ಅಪರೂಪ.

ಸಮುದ್ರದ ಮೇಲೆ ರಿಸೀವರ್ ಇಡುವವರು ಯಾರು? ಅಮ್ಮನ ವಿಮಾನ ಬ್ರೂಮ್ ದಾಟಿ ನೀರಿನ ಮೇಲೆ ಹೋದೊಡನೆ ನೆಲದ ಮೇಲಿನ ಆಂಟೆನಾಗಳಿಗೆ ಅದರ ಮಾತು ಕೇಳದಾಯಿತು. ನನ್ನ ಸರ್ವರ್ ಕೊನೆಯ ಜಾಗವನ್ನು ನೆನಪಿಟ್ಟುಕೊಂಡಿತ್ತು, ಎತ್ತರ ಮತ್ತು ವೇಗಕ್ಕೆ ಸೊನ್ನೆ ತುಂಬಿಸಿತು. ದೋಸೆ ಇನ್ನೂ ಕಾವಲಿಯ ಮೇಲಿದೆ ಎಂದು ಹೇಳುವ ಬದಲು ಅಡುಗೆಮನೆಯವರು ಖಾಲಿ ತಟ್ಟೆಯನ್ನು "ತಗೊಳ್ಳಿ, ದೋಸೆ" ಎಂದು ಕೊಟ್ಟಂತೆ. ಏಜೆಂಟ್ ಆ ತಟ್ಟೆಯನ್ನು ನಂಬಿತು. ಸಮುದ್ರದ ಮೇಲೆ, ಎತ್ತರ ಸೊನ್ನೆ, ವೇಗ ಸೊನ್ನೆ ಎಂದಾಗ ನೀವಾದರೂ ಏನು ಅರ್ಥ ಮಾಡಿಕೊಳ್ಳುತ್ತಿದ್ದಿರಿ?

ನನಗೆ ನಾಚಿಕೆಯಾದದ್ದು ಇನ್ನೊಂದು ಕಾರಣಕ್ಕೆ. ಪ್ರತಿ ಶನಿವಾರ ಹಾಜರಿ ಪುಸ್ತಕ ನನ್ನ ಕೈಯಲ್ಲೇ ಇರುತ್ತದೆ. ಹೆಸರು ಕೂಗುವ ಮೊದಲು ಆ ಚೌಕ ಖಾಲಿ. ಕೂಗಿದ ಮೇಲೆ ಉತ್ತರ ಬರದಿದ್ದರೆ ಗೈರುಹಾಜರಿಯ ಗುರುತು. ಖಾಲಿ ಚೌಕ ನೋಡಿ ಯಾರನ್ನೂ ಗೈರುಹಾಜರಿ ಎಂದು ನಾನು ಲೆಕ್ಕ ಹಾಕಿಲ್ಲ. ಕಂಪ್ಯೂಟರಿನಲ್ಲಿ ಅದನ್ನೇ ಮಾಡಿದ್ದೆ.

ತಮ್ಮನಿಗೆ ಇದನ್ನೆಲ್ಲ ವಿವರಿಸಿದೆ. ವಿಮಾನ ಕಂಪನಿಯ ಪುಟ ತೆಗೆದು ಅಮ್ಮನ ವಿಮಾನ ಸರಿಯಾದ ಸಮಯಕ್ಕೆ ಇಳಿಯಲಿದೆ ಎಂದು ತೋರಿಸಿದೆ. ಚಿಕ್ಕಪ್ಪ ಫೋನಿನಲ್ಲಿ, ಸಮುದ್ರದ ಮೇಲೆ ವಿಮಾನಗಳು ಉಪಗ್ರಹದ ಮೂಲಕ ತಾವಿರುವ ಜಾಗ ಹೇಳುತ್ತವೆ, ಅದನ್ನು ನೋಡಿಕೊಳ್ಳುವವರು ಬೇರೆ ಇದ್ದಾರೆ ಎಂದು ಹೇಳಿದರು. ಅದು ನಿಜ. ಆಸ್ಟ್ರೇಲಿಯಾದ ವಿಮಾನ ಸಂಚಾರವನ್ನು ಮೆಲ್ಬರ್ನ್ ಮತ್ತು ಬ್ರಿಸ್ಬೇನಿನ ಎರಡು ದೊಡ್ಡ ಕೇಂದ್ರಗಳು ನಡೆಸುತ್ತವೆ, ಸಮುದ್ರಗಳನ್ನೂ ಸೇರಿಸಿ ಜಗತ್ತಿನ ಸುಮಾರು 11 ಶೇಕಡ ಆಕಾಶ ಅವರ ಜವಾಬ್ದಾರಿ. ನನ್ನ ಕಿಟಕಿಯ ಆಂಟೆನಾಗೆ ಕಾಣದಿದ್ದರೆ ಅವರಿಗೂ ಕಾಣುವುದಿಲ್ಲ ಅಂತ ಅರ್ಥವಲ್ಲ. ತಮ್ಮ ತಲೆಯಾಡಿಸಿದ. ಆದರೆ ನಾನು ಕೋಡ್ ತೆರೆದು ಆ ಸಾಲು ಅಳಿಸುವಷ್ಟರಲ್ಲಿ ಅವನು ಏಜೆಂಟ್‌ಗೆ "ಅಮ್ಮ ಇಳಿಯುವವರೆಗೂ ನೋಡ್ತಾ ಇರು" ಎಂದು ಹೇಳಿಬಿಟ್ಟಿದ್ದ.

ಏಜೆಂಟ್‌ಗೆ ಸುಸ್ತಾಗುವುದಿಲ್ಲ. ಅದು ನಿಮಿಷಕ್ಕೆ ಎರಡೆರಡು ಸಲ ನನ್ನ ಟೂಲನ್ನು ಕೇಳಿತು. ನನ್ನ ಟೂಲ್ ಪ್ರತಿ ಸಲವೂ ಓಪನ್‌ಸ್ಕೈಯಿಂದ ಇಡೀ ಜಗತ್ತಿನ ಪಟ್ಟಿ ತರಿಸುತ್ತಿತ್ತು, ಅದೂ ನನ್ನ ಸೋಮಾರಿತನವೇ. ಖಾತೆ ಇಲ್ಲದೆ ಕೇಳುವವರಿಗೆ ಅಲ್ಲಿ ದಿನಕ್ಕೆ 400 ಅಂಕ, ಇಡೀ ಜಗತ್ತಿನ ಪಟ್ಟಿಗೆ ಒಂದು ಸಲಕ್ಕೆ 4 ಅಂಕ. ನೂರು ಸಲ ಕೇಳಿದರೆ ಮುಗಿಯಿತು. ಸಂಜೆ ಐದೂವರೆಗೆಲ್ಲ ಅಂಕಗಳು ಖಾಲಿ. ಇನ್ನು ಉಳಿದದ್ದು ನಮ್ಮ ಎರಡು ಆಂಟೆನಾ ಮಾತ್ರ, ಟಾರ್ನೀಟಿನದು ಮತ್ತು ನಮ್ಮ ಮನೆಯದು. ಆ ರಾತ್ರಿ ಅಪ್ಪ ಬರಬೇಕಿತ್ತು.

ಮೆಲ್ಬರ್ನ್–ಸಿಡ್ನಿ ದಾರಿ ಜಗತ್ತಿನಲ್ಲೇ ಅತಿ ಹೆಚ್ಚು ವಿಮಾನಗಳು ಓಡಾಡುವ ದಾರಿಗಳಲ್ಲಿ ಒಂದು. ಸುಮಾರು 700 ಕಿಲೋಮೀಟರ್, ಬಸ್ಸಿನ ಹಾಗೆ ಒಂದರ ಹಿಂದೆ ಒಂದು ಬರುತ್ತವೆ. ಅಪ್ಪನ ವಿಮಾನ ಎಂಟೂವರೆಗೆ ಹೊರಡಬೇಕಾದದ್ದು ತಡವಾಯಿತು. ಸಿಡ್ನಿ ವಿಮಾನ ನಿಲ್ದಾಣಕ್ಕೆ ರಾತ್ರಿ 11ರಿಂದ ಬೆಳಿಗ್ಗೆ 6ರವರೆಗೆ ಕರ್ಫ್ಯೂ ಇದೆ, 1995ರ ಕಾನೂನು. ಸುತ್ತಲಿನ ಜನ ನಿದ್ದೆ ಮಾಡಲಿ ಅಂತ. ತಡವಾಗುತ್ತಾ ಹೋದರೆ ಅಪ್ಪ ಆ ರಾತ್ರಿ ಬರುವಂತೆಯೇ ಇಲ್ಲ. (ಮೆಲ್ಬರ್ನಿನ ಟಲ್ಲಮರೀನ್‌ಗೆ ಈ ಕರ್ಫ್ಯೂ ಇಲ್ಲ ಎಂದು ಚಿಕ್ಕಪ್ಪ ಪ್ರತಿ ಸಲ ಹೇಳಿ ನಮ್ಮನ್ನು ರೇಗಿಸುತ್ತಾರೆ.)

ಒಂಬತ್ತೂವರೆಗೆ ಟಾರ್ನೀಟಿನ ಆಂಟೆನಾ ಅಪ್ಪನ ವಿಮಾನವನ್ನು ಹಿಡಿಯಿತು. ಮೇಲೇರುತ್ತಿತ್ತು. ತಮ್ಮನಿಗೆ ತೋರಿಸಿದೆ, ಎತ್ತರ ಈಗ ಸರಿಯಾಗಿ ಬರುತ್ತಿತ್ತು. ಅವನು ಸೋಫಾದ ಮೇಲೆ ಕಂಬಳಿ ಹೊದ್ದು ಕೂತಿದ್ದ, ಮಲಗು ಅಂದರೆ ಮಲಗಲಿಲ್ಲ. ಹತ್ತು ಗಂಟೆಗೆ ಹತ್ತು ನಿಮಿಷ ಇರುವಾಗ ಬೆನಾಲಾ ಹತ್ತಿರ ಅದು ಮರೆಯಾಯಿತು.

ಹೀಗಾಗುತ್ತದೆ ಎಂದು ನಾನು ಮೊದಲೇ ಊಹಿಸಬೇಕಿತ್ತು. ಈ ರೇಡಿಯೋ ಮಾತು ನೇರ ದೃಷ್ಟಿಗೆ ಸಿಕ್ಕುವಷ್ಟೇ ದೂರ ಕೇಳುತ್ತದೆ, ಏಕೆಂದರೆ ಭೂಮಿ ಗುಂಡಗಿದೆ. 11 ಕಿಲೋಮೀಟರ್ ಎತ್ತರದ ವಿಮಾನ ಲೆಕ್ಕದ ಪ್ರಕಾರ ಸುಮಾರು 430 ಕಿಲೋಮೀಟರ್ ದೂರದವರೆಗೆ ಕೇಳಬೇಕು. ಆ ಲೆಕ್ಕದಲ್ಲಿ ನಮ್ಮ ಎರಡು ಮನೆಗಳ ನಡುವೆ ಸಂದೇ ಇರಬಾರದು. ಆದರೆ ಲೆಕ್ಕಕ್ಕೆ ಇಟ್ಟಿಗೆ ಗೋಡೆ, ಎದುರುಮನೆಯ ಚಾವಣಿ, ಮರ ಇವೆಲ್ಲ ಗೊತ್ತಿಲ್ಲ. ಕಿಟಕಿಯೊಳಗಿನ ಆಂಟೆನಾಗಳಿಗೆ 150, ಹೆಚ್ಚೆಂದರೆ 200 ಕಿಲೋಮೀಟರ್. ಹಾಗಾಗಿ ಬೆನಾಲಾದಿಂದ ಗೌಲ್ಬರ್ನ್‌ವರೆಗೆ ನಮಗೆ ಕತ್ತಲು. ಕಾರಿನಲ್ಲಿ ಮೆಲ್ಬರ್ನಿಗೆ ಹೋದವರಿಗೆ ಗೊತ್ತು, ಆಲ್ಬರಿ, ಗಂಡಗೈ ಎಲ್ಲ ಆ ನಡುವೆಯೇ ಬರುತ್ತವೆ. ಗಂಡಗೈಯ ನಾಯಿಯ ಪ್ರತಿಮೆಯ ಹತ್ತಿರ ನಿಲ್ಲಿಸಿ ಬುತ್ತಿಯ ಚಿತ್ರಾನ್ನ ತಿನ್ನುತ್ತೀವಲ್ಲ, ಅಲ್ಲೇ. ವಿಮಾನಕ್ಕೆ ಆ ಕತ್ತಲು ದಾಟಲು ಅರ್ಧ ಗಂಟೆ.

ತಮ್ಮ ಮತ್ತೆ ಕೇಳಿದ. ಸೊನ್ನೆ ತುಂಬುವ ಸಾಲನ್ನು ನಾನು ಅಳಿಸಿದ್ದೆ. ಅದರ ಬದಲು, ಮಾಹಿತಿ ಸಿಗದಿದ್ದರೆ ಸರ್ವರ್ ಇಂಗ್ಲಿಷಿನ 'ನನ್' ಎಂಬ ಒಂದೇ ಪದ ಕಳಿಸುವಂತೆ ಮಾಡಿದ್ದೆ. ವಿಮಾನ: ನನ್. ಏಜೆಂಟ್ ಅದನ್ನು ನಿಷ್ಠೆಯಿಂದ ಕನ್ನಡಕ್ಕೆ ತಂದಿತು.

"ಅಪ್ಪನ ವಿಮಾನ ಇಲ್ಲ."

ಇಂಗ್ಲಿಷಿನಲ್ಲಿ ಕೇಳಿದ್ದರೆ "ಮಾಹಿತಿ ಸಿಗಲಿಲ್ಲ" ಎನ್ನುವಂಥ ಉತ್ತರ ಬರುತ್ತಿತ್ತೋ ಏನೋ. ಕನ್ನಡದ "ಇಲ್ಲ" ಬಹಳ ದೊಡ್ಡ ಪದ. ಬೇಡ ಎನ್ನಲೂ ಇಲ್ಲ, ಸುಳ್ಳು ಎನ್ನಲೂ ಇಲ್ಲ, ಮನೆಯಲ್ಲಿಲ್ಲ ಎನ್ನಲೂ ಇಲ್ಲ, ತೀರಿಕೊಂಡವರ ಬಗ್ಗೆ ಹೇಳಲೂ "ಅವರು ಈಗ ಇಲ್ಲ". ನಮ್ಮ ತಾತನ ಬಗ್ಗೆ ಅಮ್ಮ ಹಾಗೆಯೇ ಹೇಳುವುದು. ತಮ್ಮನಿಗೆ ಆ ಇಲ್ಲ ಚೆನ್ನಾಗಿ ಗೊತ್ತು. ಈ ಸಲ ಅವನು ಅತ್ತ. ನಾನೂ ಅಳುವುದರಲ್ಲಿದ್ದೆ, ನಿಜ ಹೇಳಬೇಕೆಂದರೆ. ಎಲ್ಲ ಗೊತ್ತಿದ್ದೂ, ಆ ಕತ್ತಲು ಎಲ್ಲಿ ಶುರು ಎಲ್ಲಿ ಮುಗಿಯುತ್ತದೆ ಎಂದು ನಕ್ಷೆಯಲ್ಲಿ ಬೆರಳಿಟ್ಟು ತೋರಿಸಬಲ್ಲೆನಾದರೂ, ಆ ಎರಡು ಪದ ಓದಿದಾಗ ಹೊಟ್ಟೆಯೊಳಗೆ ಏನೋ ಆಯಿತು.

10 ಗಂಟೆ 12 ನಿಮಿಷಕ್ಕೆ ಅಮ್ಮನ ಸಂದೇಶ ಬಂತು: "ಇಳಿದೆ. ಊಟ ಆಯ್ತಾ?" ಬೆಂಗಳೂರಿನಲ್ಲಿ ಆಗ ಸಂಜೆ ಐದು ಮುಕ್ಕಾಲು. 10 ಗಂಟೆ 20ಕ್ಕೆ ಗೌಲ್ಬರ್ನ್ ಹತ್ತಿರ ಅಪ್ಪನ ವಿಮಾನವನ್ನು ನಮ್ಮ ಕಿಟಕಿಯ ಆಂಟೆನಾ ಹಿಡಿಯಿತು, ಆಗಲೇ ಇಳಿಯಲು ಶುರುಮಾಡಿತ್ತು. ತಮ್ಮ ಪರದೆಯ ಮೇಲೆ ಬೆರಳಿಟ್ಟುಕೊಂಡು ಎತ್ತರ ಕಡಿಮೆಯಾಗುವುದನ್ನು ನೋಡುತ್ತಾ ಹಾಗೇ ನಿದ್ದೆ ಹೋದ. ಹನ್ನೊಂದಕ್ಕೆ ಕಾಲು ಗಂಟೆ ಇರುವಾಗ ಅಪ್ಪ ಇಳಿದರು. ಮನೆಗೆ ಬಂದಾಗ ಪೂರ್ತಿ ಮಧ್ಯರಾತ್ರಿ.

ಆ ವಾರಾಂತ್ಯ ಚಿಕ್ಕಪ್ಪ ಒಂದು ಹೆಸರು ಕಳಿಸಿ ಓದು ಎಂದರು: ಡೇವಿಡ್ ವಾರೆನ್. ವಿಮಾನದ ಬ್ಲ್ಯಾಕ್ ಬಾಕ್ಸ್ ಬಗ್ಗೆ ಕೇಳಿರುತ್ತೀರಿ. ಅದರ ಮೂಲ ಮೆಲ್ಬರ್ನಿನಲ್ಲಿದೆ ಅಂತ ನನಗೆ ಗೊತ್ತಿರಲಿಲ್ಲ. ವಾರೆನ್ ಹುಟ್ಟಿದ್ದು 1925ರಲ್ಲಿ. ಅವರಿಗೆ ಒಂಬತ್ತು ವರ್ಷವಾಗಿದ್ದಾಗ, 1934ರ ಅಕ್ಟೋಬರಿನಲ್ಲಿ, ಅವರ ಅಪ್ಪ ಲಾನ್ಸೆಸ್ಟನ್‌ನಿಂದ ಮೆಲ್ಬರ್ನಿಗೆ ಬರುತ್ತಿದ್ದ 'ಮಿಸ್ ಹೋಬಾರ್ಟ್' ಎಂಬ ವಿಮಾನ ಬಾಸ್ ಜಲಸಂಧಿಯಲ್ಲಿ ಬಿದ್ದು ಹೋಯಿತು. ಏನಾಯಿತು ಎಂದು ಹೇಳುವವರೇ ಉಳಿಯಲಿಲ್ಲ. ಅಪ್ಪ ಕೊಟ್ಟ ಕೊನೆಯ ಉಡುಗೊರೆ ಒಂದು ಕ್ರಿಸ್ಟಲ್ ರೇಡಿಯೋ ಸೆಟ್. ಆ ಹುಡುಗ ದೊಡ್ಡವನಾಗಿ ಮೆಲ್ಬರ್ನಿನ ಏರೋನಾಟಿಕಲ್ ರಿಸರ್ಚ್ ಲ್ಯಾಬೊರೇಟರೀಸ್‌ನಲ್ಲಿ ವಿಜ್ಞಾನಿಯಾದರು. 1953ರ ಹೊತ್ತಿಗೆ ಕಾಮೆಟ್ ಎಂಬ ಹೊಸ ಜೆಟ್ ವಿಮಾನಗಳು ಬೀಳುತ್ತಿದ್ದವು, ಕಾರಣ ಯಾರಿಗೂ ತಿಳಿಯುತ್ತಿರಲಿಲ್ಲ. ಪೈಲಟ್‌ಗಳ ಮಾತನ್ನೂ ಉಪಕರಣಗಳ ಅಂಕಿಗಳನ್ನೂ ವಿಮಾನದಲ್ಲೇ ಬರೆದಿಡುವ ಯಂತ್ರ ಒಂದಿದ್ದರೆ ಎಂದು ವಾರೆನ್ ಯೋಚಿಸಿದರು. 1954ರಲ್ಲಿ ವರದಿ ಬರೆದರು, ಆಮೇಲೆ ಯಂತ್ರವನ್ನೂ ಮಾಡಿದರು. ಉಕ್ಕಿನ ತಂತಿಯ ಮೇಲೆ ನಾಲ್ಕು ಗಂಟೆಯಷ್ಟು ಮಾತು ಮತ್ತು ಅಂಕಿಗಳು. ಮೊದಲಿಗೆ ಇಲ್ಲಿ ಯಾರಿಗೂ ಅದು ಅಷ್ಟಾಗಿ ಬೇಕಾಗಿರಲಿಲ್ಲ. ಈಗ ಅದಿಲ್ಲದ ದೊಡ್ಡ ಪ್ರಯಾಣಿಕ ವಿಮಾನ ಇಲ್ಲ. ಹೆಸರು ಬ್ಲ್ಯಾಕ್ ಬಾಕ್ಸ್, ಬಣ್ಣ ಮಾತ್ರ ಕಿತ್ತಳೆ, ಹುಡುಕಲು ಸುಲಭವಾಗಲಿ ಅಂತ.

ನಾನು ಕಟ್ಟಿದ್ದು ಅದರ ಮುಂದೆ ಆಟಿಕೆ. ಆದರೆ ಒಂಬತ್ತು ವರ್ಷದ ಹುಡುಗ ಅಂತ ಓದಿದಾಗ ಸೋಫಾದ ಮೇಲೆ ಕಂಬಳಿ ಹೊದ್ದು ಕೂತಿದ್ದವನೇ ಕಣ್ಣಿಗೆ ಬಂದ. ಅಂದೇ ರಾತ್ರಿ ಸರ್ವರನ್ನು ಮೊದಲಿನಿಂದ ಬರೆಯಲು ಕೂತೆ.

ಈಗ ಅದು ಬರೀ ಅಂಕಿ ಕಳಿಸುವುದಿಲ್ಲ. ಪ್ರತಿ ಅಂಕಿಯ ಜೊತೆ ಅದು ಎಷ್ಟು ನಿಮಿಷ ಹಳೆಯದು ಅಂತ ಕಳಿಸುತ್ತದೆ. ಗಡಿಯಾರದ ಸಮಯ ಕಳಿಸಿದರೆ ಏಜೆಂಟ್ ಸಿಡ್ನಿಯ ಹೊತ್ತಿಗೂ ಬೆಂಗಳೂರಿನ ಹೊತ್ತಿಗೂ ಗೊಂದಲ ಮಾಡಿಕೊಳ್ಳುತ್ತಿತ್ತು, "ಇಷ್ಟು ನಿಮಿಷದ ಹಿಂದೆ" ಎಂದರೆ ಗೊಂದಲ ಇಲ್ಲ. ಒಂದು ನಿಮಿಷದೊಳಗೆ ಯಾರು ಎಷ್ಟು ಸಲ ಕೇಳಿದರೂ ಹಳೆಯ ಉತ್ತರವನ್ನೇ ಕೊಡುತ್ತದೆ, ಓಪನ್‌ಸ್ಕೈಗೆ ಹೋಗುವುದಿಲ್ಲ, ಹೋದರೂ ಬೇಕಾದಷ್ಟು ಜಾಗದ ಪಟ್ಟಿ ಮಾತ್ರ ಕೇಳುತ್ತದೆ. ಇವೆಲ್ಲ ಒಂದು ಸಂಜೆಯ ಕೆಲಸ. ಬಹಳ ಹೊತ್ತು ಹಿಡಿದದ್ದು ಬೋರ್ಡಿನ ಮೇಲಿನ ವಿವರಣೆ ಮತ್ತು ವಿಮಾನ ಕಾಣದಿದ್ದಾಗ ಹೇಳಬೇಕಾದ ಒಂದು ಕನ್ನಡ ವಾಕ್ಯ.

ಆ ವಾಕ್ಯವನ್ನು ನಾನೇ ಬರೆದೆ: "ವಿಮಾನ ಕಾಣೆಯಾಗಿದೆ." ಶನಿವಾರ ಟೀಚರಿಗೆ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿ, "ಅಯ್ಯೋ ಮಗಳೇ, ಕಾಣೆಯಾಗಿದೆ ಅಂದರೆ ಪೊಲೀಸ್ ಕಂಪ್ಲೇಂಟ್ ಕೊಡಬೇಕಾಗುತ್ತೆ" ಎಂದರು. ಕಾಣೆಯಾಗುವುದು ಬೇರೆ, ಕಾಣಿಸದಿರುವುದು ಬೇರೆ. ನನಗೆ ಎರಡೂ ಒಂದೇ ಅನಿಸಿತ್ತು. ಅವರು ಕೆಂಪು ಪೆನ್ನಿನಲ್ಲಿ "ನನಗೆ ಈಗ ಕಾಣಿಸುತ್ತಿಲ್ಲ" ಎಂದು ಬರೆದರು. "ನನಗೆ" ಯಾಕೆ ಎಂದು ಕೇಳಿದೆ. "ಕಾಣಿಸದೇ ಇರುವುದು ನಿನಗೆ ತಾನೇ? ವಿಮಾನದ್ದೇನು ತಪ್ಪು?" ಎಂದರು.

ಆ "ನನಗೆ" ಈಗ ಸರ್ವರಿನಲ್ಲಿದೆ. ವಿವರಣೆಯಲ್ಲಿ ಏಜೆಂಟ್‌ಗೆ ಹೀಗೆ ಹೇಳಿದ್ದೇನೆ: ಮಾಹಿತಿ ಇಲ್ಲದಿದ್ದರೆ ವಿಮಾನ ಇಳಿದಿದೆ ಎಂದಾಗಲಿ ಬಿದ್ದಿದೆ ಎಂದಾಗಲಿ ಊಹಿಸಬೇಡ, ಕೊನೆಗೆ ಎಲ್ಲಿ, ಎಷ್ಟು ಹೊತ್ತಿನ ಹಿಂದೆ ಕಂಡಿತ್ತು ಎಂದು ಹೇಳು, ಸಮುದ್ರದ ಮೇಲಾದರೆ ಅಲ್ಲಿ ರಿಸೀವರ್ ಇಲ್ಲ ಎಂಬುದನ್ನೂ ಹೇಳು. ಏಜೆಂಟ್ ಬಹುತೇಕ ಪಾಲಿಸುತ್ತದೆ. ಒಮ್ಮೊಮ್ಮೆ ತನ್ನದೇ ಒಂದು ಸಮಾಧಾನದ ಮಾತು ಸೇರಿಸುತ್ತದೆ, ಅದನ್ನು ಇನ್ನೂ ತಡೆಯಲು ಆಗಿಲ್ಲ.

ನಿಮ್ಮ ಮನೆಯಲ್ಲೂ ಯಾರಾದರೂ ಇಂಥದ್ದು ಮಾಡುವುದಾದರೆ ಒಂದು ಮಾತು. ಸರ್ವರನ್ನು ಅಂತರ್ಜಾಲದಲ್ಲಿ ಇಟ್ಟ ಮೊದಲ ರಾತ್ರಿಯೇ ಯಾರು ಯಾರೋ ಬಾಗಿಲು ತಟ್ಟಿದ ಗುರುತು ಲಾಗ್‌ನಲ್ಲಿತ್ತು. ಮನುಷ್ಯರಲ್ಲ, ತೆರೆದ ಬಾಗಿಲು ಹುಡುಕುತ್ತಾ ತಿರುಗುವ ಪ್ರೋಗ್ರಾಂಗಳು. ನಾನು ಉದ್ದನೆಯ ಗುಟ್ಟಿನ ಕೀ ಒಂದನ್ನು ಇಟ್ಟೆ, ಅದಿಲ್ಲದೆ ಕೇಳಿದರೆ ಸರ್ವರ್ ಉತ್ತರಿಸುವುದಿಲ್ಲ. ಆಂಟೆನಾ ಇರುವ ಜಾಗವನ್ನು ಎಲ್ಲಿಯೂ ನಿಖರವಾಗಿ ಬರೆದಿಲ್ಲ, ಅದು ನಮ್ಮ ಮನೆಯ ವಿಳಾಸವಲ್ಲವೇ? ಟಿಕೆಟ್, ಪಾಸ್‌ಪೋರ್ಟ್ ಯಾವುದನ್ನೂ ಅದಕ್ಕೆ ಕೊಟ್ಟಿಲ್ಲ. ಅದಕ್ಕೆ ಗೊತ್ತಿರುವುದು ವಿಮಾನದ ಸಂಖ್ಯೆ ಮಾತ್ರ, ಅದರೊಳಗೆ ಯಾರು ಕೂತಿದ್ದಾರೆ ಎಂಬುದಲ್ಲ.

ಅಮ್ಮ ಐದು ವಾರದ ನಂತರ ವಾಪಸ್ ಬಂದರು. ಅಜ್ಜಿ ಅಷ್ಟರಲ್ಲಿ ವಾಕರ್ ಹಿಡಿದು ತುಳಸಿಕಟ್ಟೆಯವರೆಗೆ ನಡೆಯುತ್ತಿದ್ದರು. ಬರುವಾಗ ರಾತ್ರಿಯೆಲ್ಲ ಪ್ರಯಾಣ. ಬೆಳಗಿನ ಜಾವ ಐದೂವರೆಗೆ ತಮ್ಮನ ಕೋಣೆಯಲ್ಲಿ ಟ್ಯಾಬ್ಲೆಟ್‌ನ ಬೆಳಕು ಕಂಡು ಒಳಗೆ ಹೋದೆ. ಪರದೆಯ ಮೇಲೆ ಹೀಗಿತ್ತು: "ನನಗೆ ಈಗ ಕಾಣಿಸುತ್ತಿಲ್ಲ. ಕೊನೆಗೆ ಕಂಡದ್ದು 5 ಗಂಟೆ 20 ನಿಮಿಷದ ಹಿಂದೆ, ಭಾರತದ ಪೂರ್ವ ಕರಾವಳಿಯ ಹತ್ತಿರ. ಈಗ ಅದು ಸಮುದ್ರದ ಮೇಲಿರಬೇಕು. ಅಲ್ಲಿ ರಿಸೀವರುಗಳಿಲ್ಲ." ಅವನು ಓದಿ, "ಸರಿ" ಎಂದು ಟ್ಯಾಬ್ಲೆಟನ್ನು ದಿಂಬಿನ ಕೆಳಗೆ ತಳ್ಳಿ ಗೋಡೆಯ ಕಡೆ ತಿರುಗಿ ಮಲಗಿದ.

ಬೆಳಿಗ್ಗೆ ಅಪ್ಪ ಕಾರಿನ ಕೀ ಹುಡುಕುತ್ತಿರುವಾಗ ನಮ್ಮದೇ ಆಂಟೆನಾ ಅಮ್ಮನ ವಿಮಾನವನ್ನು ಹಿಡಿಯಿತು. ಇನ್ನೂ ಬಹಳ ದೂರ ಇತ್ತು, ಮೊದಲಿಗಿಂತ ದೂರ. ಏಕೆಂದರೆ ಅಮ್ಮ ಊರಲ್ಲಿದ್ದಾಗ ನಾನು ಆಂಟೆನಾವನ್ನು ಕಿಟಕಿಯಿಂದ ತೆಗೆದು ಹೊರಗೆ ಬಾಲ್ಕನಿಗೆ ಸಾಗಿಸಿದ್ದೆ. ಅಮ್ಮ ಮನೆಗೆ ಬಂದು, ಕೈಕಾಲು ತೊಳೆದು, ಬಾಲ್ಕನಿಯ ಬಾಗಿಲು ತೆರೆದು ಕೇಳಿದ ಮೊದಲ ಪ್ರಶ್ನೆ: "ನನ್ನ ತುಳಸಿ ಕುಂಡದಲ್ಲಿ ಈ ಕಂಬಿ ನೆಟ್ಟವರು ಯಾರು?"